15 ಗೋಲು, ಅದರಲ್ಲಿ ಫೀಲ್ಡ್ ಗೋಲು ಮೂರೇ: ಪ್ಯಾರಿಸ್ ಹಾಕಿ ತಂಡದ ಒಬ್ಬೊಬ್ಬರ ಲೆಕ್ಕ

ಹಳೆಯ ಹಾಫ್‌ಬ್ಯಾಕ್ | 17 ಆಗಸ್ಟ್ 2024

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಪುರುಷರ ಹಾಕಿ ತಂಡ ಗೆದ್ದ ಕಂಚಿನ ಪದಕದ ಡೋಲು, ಹಾರ, ಬಹುಮಾನಗಳ ಘೋಷಣೆ ಎಲ್ಲ ಮುಗಿಯಿತು. ಈ ವಾರ ಬಿಡುವು ಮಾಡಿಕೊಂಡು ಎಂಟೂ ಪಂದ್ಯಗಳನ್ನು ಮತ್ತೊಮ್ಮೆ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ಪದಕ ಬಂದದ್ದಕ್ಕೆ ನನ್ನಷ್ಟು ಸಂತೋಷಪಟ್ಟವರು ನಮ್ಮ ಬೀದಿಯಲ್ಲಿ ಇನ್ನೊಬ್ಬರಿಲ್ಲ. ಸ್ಪೇನ್ ವಿರುದ್ಧದ ಕೊನೆಯ ನಿಮಿಷಗಳಲ್ಲಿ ಟಿ.ವಿ. ಮುಂದೆ ನಿಂತೇ ಇದ್ದೆ. ಒಲೆಯ ಮೇಲಿದ್ದ ಹಾಲು ಉಕ್ಕಿ ಹರಿದದ್ದು ಮನೆಯವರು ಬೈದ ಮೇಲೆಯೇ ತಿಳಿದದ್ದು. ಆದರೂ ಒಂದು ಲೆಕ್ಕ ಗಂಟಲಲ್ಲಿ ಮುಳ್ಳಾಗಿ ಕುಳಿತಿದೆ.

ನಾವು ಹೊಡೆದದ್ದು ಒಟ್ಟು 15 ಗೋಲು. ಒಂಬತ್ತು ಪೆನಾಲ್ಟಿ ಕಾರ್ನರ್‌ನಿಂದ (ಎದುರಾಳಿಯ ತಪ್ಪಿಗೆ ಗೋಲಿನ ಪಕ್ಕದ ಗೆರೆಯಿಂದ ಚೆಂಡು ತಳ್ಳಿ ಹೊಡೆಯುವ ಅವಕಾಶ), ಮೂರು ಪೆನಾಲ್ಟಿ ಸ್ಟ್ರೋಕ್‌ನಿಂದ (ಕೀಪರ್ ಒಬ್ಬರೇ ಎದುರಿಗಿರುವಾಗ ಹೊಡೆಯುವುದು) ಬಂದವು. ಆಟ ನಡೆಯುತ್ತಿರುವಾಗಲೇ ಹುಟ್ಟಿದ ಗೋಲುಗಳು, ಅಂದರೆ ಫೀಲ್ಡ್ ಗೋಲುಗಳು, ಮೂರೇ ಮೂರು. ನ್ಯೂಜಿಲೆಂಡ್ ವಿರುದ್ಧ ವಿವೇಕ್ ಸಾಗರ್ ಪ್ರಸಾದ್ ಒಂದು ಹೊಡೆದರು, ಬೆಲ್ಜಿಯಂ ಮತ್ತು ಆಸ್ಟ್ರೇಲಿಯಾ ವಿರುದ್ಧ ಅಭಿಷೇಕ್ ಒಂದೊಂದು ಹೊಡೆದರು. ಆಗಸ್ಟ್ 2ರ ನಂತರ ಕ್ವಾರ್ಟರ್ ಫೈನಲ್, ಸೆಮಿಫೈನಲ್, ಕಂಚಿನ ಪಂದ್ಯ ಹೀಗೆ ಮೂರು ಪಂದ್ಯಗಳಲ್ಲಿ ಒಂದೂ ಫೀಲ್ಡ್ ಗೋಲು ಇಲ್ಲ. ಐವರು ಫಾರ್ವರ್ಡ್‌ಗಳನ್ನು ಕರೆದುಕೊಂಡು ಹೋದ ತಂಡದ ಕಥೆ ಇದು. ಹಾಗಾಗಿ ಒಬ್ಬೊಬ್ಬರನ್ನೂ ತೂಗಿ ನೋಡೋಣ ಎಂದು ಕುಳಿತಿದ್ದೇನೆ. ಎಲ್ಲರಿಗೂ ಸಮನಾಗಿ ಬರೆಯಲಾರೆ, ಕ್ಷಮಿಸಿ.

ಹರ್ಮನ್‌ಪ್ರೀತ್ ಸಿಂಗ್: ಕೂಟದಲ್ಲೇ ಅತಿ ಹೆಚ್ಚು, 10 ಗೋಲು. ಬೆಲ್ಜಿಯಂ ಒಂದನ್ನು ಬಿಟ್ಟರೆ ಉಳಿದ ಏಳೂ ಎದುರಾಳಿಗಳ ಗೋಲಿನೊಳಗೆ ಅವರ ಚೆಂಡು ಹೋಗಿದೆ. ನ್ಯೂಜಿಲೆಂಡ್ ವಿರುದ್ಧ 59ನೇ ನಿಮಿಷದಲ್ಲಿ ಗೆಲುವಿನ ಸ್ಟ್ರೋಕ್, ಅರ್ಜೆಂಟೀನಾ ವಿರುದ್ಧ ಮತ್ತೆ 59ನೇ ನಿಮಿಷದಲ್ಲಿ ಸಮಬಲದ ಗೋಲು. ಆ ಹೊತ್ತಿನಲ್ಲಿ ಕೈ ನಡುಗದೆ ಚೆಂಡನ್ನು ಸ್ಟಿಕ್ಕಿನಿಂದ ಎಸೆದು ಫ್ಲಿಕ್ ಮಾಡುವುದು ಅಭ್ಯಾಸದಿಂದ ಮಾತ್ರ ಬರುವಂಥದ್ದಲ್ಲ. ಆದರೆ ಅವರು ಮೂಲತಃ ಡಿಫೆಂಡರ್ ಎಂಬುದನ್ನು ನಾವು ಮರೆತೇಬಿಟ್ಟಿದ್ದೇವೆ. ವೇಗದ ಫಾರ್ವರ್ಡ್ ಒಬ್ಬ ಒಳಕ್ಕೆ ತಿರುಗಿದರೆ ಅವರು ಅರ್ಧ ಹೆಜ್ಜೆ ಹಿಂದೆ ಬೀಳುತ್ತಾರೆ. ಗೋಲಿನ ಲೆಕ್ಕ ಆ ಅರ್ಧ ಹೆಜ್ಜೆಯನ್ನು ಮುಚ್ಚಿಹಾಕುತ್ತದೆ. ಹತ್ತಕ್ಕೆ ಒಂಬತ್ತು.

ಹಾರ್ದಿಕ್ ಸಿಂಗ್: ನನ್ನ ಕಣ್ಣಿಗೆ ಈ ತಂಡದ ಅತ್ಯುತ್ತಮ ಆಟಗಾರ. ಒಂದೂ ಗೋಲಿಲ್ಲ, ಹಾಗಾಗಿ ಪತ್ರಿಕೆಗಳಲ್ಲಿ ಫೋಟೊ ಕೂಡ ಇಲ್ಲ. ಚೆಂಡು ಸ್ಟಿಕ್ಕಿಗೆ ಬರುವ ಮೊದಲೇ ತಲೆ ಎತ್ತಿ ಎರಡೂ ಬದಿ ನೋಡಿ ಮುಗಿಸಿರುತ್ತಾರೆ. ನಾನು ಮೂವತ್ತು ವರ್ಷ ಹಾಫ್‌ಬ್ಯಾಕ್ ಆಗಿ ಆಡಿ ಕಲಿಯಲಾಗದ ವಿದ್ಯೆ ಅದು. ಎದುರಾಳಿಗಳು ಮೂವರು ಸುತ್ತುವರಿದಾಗ ಚೆಂಡನ್ನು ಬಿಟ್ಟುಕೊಡದೆ ಬಲಕ್ಕೆ ಎಳೆದು, ಅಲ್ಲಿಂದ ಸರ್ಕಲ್ (ಗೋಲಿನ ಮುಂದಿನ ಅರ್ಧವೃತ್ತ) ಒಳಗೆ ನುಗ್ಗಿ ಎದುರಾಳಿಯ ಕಾಲಿಗೆ ಚೆಂಡು ತಾಗಿಸಿ ಕಾರ್ನರ್ ಗಳಿಸುವುದು ಅವರ ದಿನಗೂಲಿ. ಆ ಕಾರ್ನರ್‌ನಿಂದ ಗೋಲಾದರೆ ಹೆಸರು ಹರ್ಮನ್‌ಪ್ರೀತ್ ಅವರದು. ಒಂಬತ್ತೂವರೆ.

ಗೋಲ್‌ಕೀಪರ್ ಶ್ರೀಜೇಶ್: ಹತ್ತು. ಮಾತಿಲ್ಲ.

ಅಭಿಷೇಕ್: ಎರಡು ಗೋಲು, ಎರಡೂ ದೊಡ್ಡ ತಂಡಗಳ ವಿರುದ್ಧ. ಬೆನ್ನನ್ನು ಗೋಲಿನ ಕಡೆಗಿಟ್ಟು ಚೆಂಡು ಪಡೆದು, ತಿರುಗುತ್ತಲೇ ಹೊಡೆಯುವ ಧೈರ್ಯ ಈಗ ಇರುವುದು ಈ ಸೋನಿಪತ್ ಹುಡುಗನಿಗೆ ಮಾತ್ರ. ಎಂಟು.

ಮನ್‌ದೀಪ್ ಸಿಂಗ್, ಗುರ್ಜಂತ್ ಸಿಂಗ್, ಲಲಿತ್ ಉಪಾಧ್ಯಾಯ: ಮೂವರಿಂದ ಎಂಟು ಪಂದ್ಯಗಳಲ್ಲಿ ಒಂದು ಗೋಲು, ಅದೂ ಕಾರ್ನರ್‌ನ ಮರುಚೆಂಡಿನಲ್ಲಿ ಮನ್‌ದೀಪ್ ಹೊಡೆದದ್ದು. ಮೂವರಿಗೂ ಐದು. ಲಲಿತ್‌ಗೆ ಬ್ರಿಟನ್ ವಿರುದ್ಧದ ಕ್ವಾರ್ಟರ್ ಫೈನಲ್ ಸಮವಾದ ಮೇಲೆ ನಡೆದ ಶೂಟೌಟ್ ಗೋಲಿಗಾಗಿ ಅರ್ಧ ಅಂಕ ಕೃಪಾಂಕ.

ಉಳಿದವರ ಬಗ್ಗೆ ಸಂಜೆ ಬರೆಯುತ್ತೇನೆ. ನನ್ನನ್ನು ಹೊಡೆಯುವವರು ಈಗಲೇ ಶುರು ಮಾಡಬಹುದು.

ಲಾಂಗ್ ಕಾರ್ನರ್, ಹುಬ್ಬಳ್ಳಿ | 17 ಆಗಸ್ಟ್

ಸರ್, ನಿಮ್ಮ ಲೆಕ್ಕ ಸರಿಯಾಗಿದೆ, ತೀರ್ಪು ತಪ್ಪಿದೆ. ನಾನೂ ಒಂದು ಲೆಕ್ಕ ಮುಂದಿಡುತ್ತೇನೆ.

ಟೋಕಿಯೊದಲ್ಲಿಯೂ ನಾವು ಎಂಟು ಪಂದ್ಯ ಆಡಿ ಕಂಚು ತಂದೆವು. ಅಲ್ಲಿ ಹೊಡೆದದ್ದು 25, ಬಿಟ್ಟುಕೊಟ್ಟದ್ದು 23. ಆಸ್ಟ್ರೇಲಿಯಾ ಒಂದೇ ಏಳು ಹೊಡೆಯಿತು, ಬೆಲ್ಜಿಯಂ ಐದು. ಕಂಚಿನ ಪಂದ್ಯದಲ್ಲಿ ಜರ್ಮನಿ ವಿರುದ್ಧ 5–4 ಗೆದ್ದಾಗ ಎದೆ ಹಿಡಿದುಕೊಂಡು ಕುಳಿತಿದ್ದು ನಿಮಗೂ ನೆನಪಿರಬೇಕು. ಪ್ಯಾರಿಸ್‌ನಲ್ಲಿ ಹೊಡೆದದ್ದು 15, ಬಿಟ್ಟುಕೊಟ್ಟದ್ದು 12. ಅದೇ ಪದಕ, ಆದರೆ ನಮ್ಮ ಬಲೆಯೊಳಗೆ ಬಿದ್ದ ಗೋಲು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಇದು ಕ್ರೇಗ್ ಫುಲ್ಟನ್ 2023ರಲ್ಲಿ ನಮ್ಮ ಕೋಚ್ ಆಗಿ ಬಂದಾಗಿನಿಂದ ಕಲಿಸಿದ ಪಾಠ: ಮೊದಲು ಮನೆಯ ಬಾಗಿಲು ಹಾಕಿ, ಆಮೇಲೆ ಸಂತೆಗೆ ಹೋಗಿ. ಅವರು ಬೆಲ್ಜಿಯಂ ತಂಡದ ಸಹಾಯಕ ಕೋಚ್ ಆಗಿ ಟೋಕಿಯೊದಲ್ಲಿ ಚಿನ್ನ ಕಂಡು ಬಂದವರು. ಆ ಬೆಲ್ಜಿಯಂ ಆಟ ಹಾಗೆಯೇ ಇತ್ತಲ್ಲವೇ?

ಈ ವ್ಯವಸ್ಥೆಯಲ್ಲಿ ಫಾರ್ವರ್ಡ್‌ನ ಕೆಲಸವೇ ಬೇರೆ. ಮನ್‌ದೀಪ್ ಎದುರಾಳಿ ಡಿಫೆಂಡರ್ ಚೆಂಡು ಹಿಡಿದ ಕ್ಷಣದಿಂದ ಅವನ ಬಲಬದಿಯ ಪಾಸ್‌ನ ದಾರಿಗೆ ಅಡ್ಡ ನಿಲ್ಲುತ್ತಾರೆ. ಅವನು ಬೇರೆ ದಾರಿಯಿಲ್ಲದೆ ಎಡಕ್ಕೆ ಕೊಡುತ್ತಾನೆ, ಅಲ್ಲಿ ಸುಖ್‌ಜೀತ್ ಕಾದಿರುತ್ತಾರೆ. ಟಿ.ವಿ.ಯಲ್ಲಿ ಇದು ‘ಎದುರಾಳಿಯ ಕೆಟ್ಟ ಪಾಸ್’ ಎಂದು ಕಾಣುತ್ತದೆ. ಕೆಟ್ಟ ಪಾಸ್ ಮಾಡಿಸಿದ್ದು ಯಾರು ಎಂದು ಯಾರೂ ಕೇಳುವುದಿಲ್ಲ. ಹಾರ್ದಿಕ್ ಗಳಿಸಿದ ಕಾರ್ನರ್‌ಗೆ ಅಂಕ ಕೊಡುವ ನೀವು ಮನ್‌ದೀಪ್ ಗಳಿಸಿದ ಕಾರ್ನರ್‌ಗೆ ಯಾಕೆ ಕೊಡುವುದಿಲ್ಲ?

ಗುರ್ಜಂತ್ ವಿಷಯದಲ್ಲಿ ಮಾತ್ರ ನಿಮ್ಮ ಜೊತೆ ಇದ್ದೇನೆ. ಓಟ ಇತ್ತು, ಓಟದ ಕೊನೆಯಲ್ಲಿ ಏನು ಮಾಡಬೇಕೆಂಬ ನಿರ್ಧಾರ ಇರಲಿಲ್ಲ.

ಎರಡನೇ ಕಂಬ | 17 ಆಗಸ್ಟ್

ಶ್ರೀಜೇಶ್ ಅವರಿಗೆ ‘ಹತ್ತು, ಮಾತಿಲ್ಲ’ ಎಂದು ಬರೆದು ಮುಂದೆ ಹೋಗಿದ್ದೀರಿ. ಗೋಲ್‌ಕೀಪರ್‌ಗಳಿಗೆ ಯಾವಾಗಲೂ ಇದೇ ಗತಿ. ತಡೆದರೆ ‘ಗೋಡೆ’, ಬಿಟ್ಟರೆ ‘ತೂತು’, ನಡುವೆ ಮಾತೇ ಇಲ್ಲ. ಕಾಲೇಜಿನಲ್ಲಿ ನಾಲ್ಕು ವರ್ಷ ಪ್ಯಾಡ್ ಕಟ್ಟಿದವಳು ನಾನು. ಹಾಗಾಗಿ ಸ್ವಲ್ಪ ಮಾತಾಡುತ್ತೇನೆ.

ಬ್ರಿಟನ್ ವಿರುದ್ಧದ ಶೂಟೌಟನ್ನೇ ತೆಗೆದುಕೊಳ್ಳಿ. 4–2 ಗೆದ್ದೆವು. ಬ್ರಿಟನ್ನಿನ ಎರಡು ಪ್ರಯತ್ನ ವಿಫಲವಾದವು. ಅದರಲ್ಲಿ ಶ್ರೀಜೇಶ್ ದೇಹದಿಂದ ತಡೆದದ್ದು ಫಿಲ್ ರೋಪರ್ ಅವರದು ಒಂದೇ. ಕಾನರ್ ವಿಲಿಯಮ್ಸನ್ ಹೊಡೆದದ್ದು ಗುರಿ ತಪ್ಪಿ ಹೊರಗೆ ಹೋಯಿತು. ಅದಕ್ಕಿಂತ ಮೊದಲು, ಗುಂಪು ಹಂತದಲ್ಲಿ ಅರ್ಜೆಂಟೀನಾದ ಮೈಕೊ ಕಸೆಲ್ಲಾ ಪೆನಾಲ್ಟಿ ಸ್ಟ್ರೋಕನ್ನು ಹೊರಗೆ ಹೊಡೆದರು. ಅಂಕಿಅಂಶದವರು ಈ ಎರಡನ್ನೂ ‘ಸೇವ್’ ಎಂದು ಬರೆದುಕೊಳ್ಳುವುದಿಲ್ಲ. ನಾನು ಬರೆದುಕೊಳ್ಳುತ್ತೇನೆ.

ಶೂಟೌಟ್‌ನಲ್ಲಿ ಕೀಪರ್ ಎದುರು ಒಬ್ಬೊಬ್ಬರೇ ಚೆಂಡು ನಡೆಸಿಕೊಂಡು ಬರುತ್ತಾರೆ, ಹೊಡೆಯುವವರಿಗೆ ಸಿಗುವುದು ಎಂಟು ಸೆಕೆಂಡು. 23 ಮೀಟರ್ ಗೆರೆಯಿಂದ ಓಡಿ ಬರುವುದರಲ್ಲೇ ಎರಡು ಮೂರು ಕಳೆಯುತ್ತವೆ. ಕೀಪರ್ ಬೇಗ ಮಲಗಿಬಿಟ್ಟರೆ ಅವರ ಕೆಲಸ ಸುಲಭ. ಶ್ರೀಜೇಶ್ ಮಲಗುವುದಿಲ್ಲ. ಮುಂದೆ ಬಂದು, ನಿಂತು, ಮತ್ತೆ ಅರ್ಧ ಹೆಜ್ಜೆ ಹಿಂದೆ ಸರಿದು, ಹೊಡೆಯುವವರನ್ನು ಅವರ ರಿವರ್ಸ್ ಬದಿಗೆ (ಎಡಕ್ಕೆ), ಗೋಲಿನಿಂದ ದೂರಕ್ಕೆ ತಳ್ಳುತ್ತಾ ಹೋಗುತ್ತಾರೆ. ಆರನೇ ಸೆಕೆಂಡಿಗೆ ಎದುರಿಗಿರುವವರಿಗೆ ಗೋಲು ಒಂದು ಕಿಟಕಿಯಷ್ಟೇ ಕಾಣುತ್ತದೆ. ಚೆಂಡು ಹೊರಗೆ ಹೋದದ್ದು ಅದೃಷ್ಟದಿಂದಲ್ಲ.

ಇನ್ನೊಂದು ಮಾತು. ಒಲಿಂಪಿಕ್ಸ್‌ಗೆ 16 ಜನರ ತಂಡ, ಹಾಗಾಗಿ ಕೀಪರ್ ಒಬ್ಬರೇ. ಕೃಷ್ಣ ಬಹದ್ದೂರ್ ಪಾಠಕ್ ಮೀಸಲು ಆಟಗಾರನಾಗಿ ಪ್ಯಾರಿಸ್‌ವರೆಗೆ ಹೋಗಿ, ಒಂದು ನಿಮಿಷವೂ ಆಡದೆ ಬಂದರು. ಬೇರೆ ಯಾವುದೇ ತಂಡದಲ್ಲಿ ಅವರು ಮೊದಲ ಕೀಪರ್ ಆಗಿರುತ್ತಿದ್ದರು. ಈಗ ಶ್ರೀಜೇಶ್ ನಿವೃತ್ತರಾಗಿದ್ದಾರೆ, ಅವರ 16ನೇ ನಂಬರಿನ ಅಂಗಿಗೂ ವಿಶ್ರಾಂತಿ ಕೊಟ್ಟಿದ್ದಾರೆ. ಆ ಅಂಗಿಯ ನೆರಳಿನಲ್ಲಿ ಇಷ್ಟು ವರ್ಷ ನಿಂತವರ ಬಗ್ಗೆ ಯಾರಾದರೂ ಒಂದು ಸಾಲು ಬರೆಯಬೇಕಿತ್ತು. ಬರೆದಿದ್ದೇನೆ.

ಹಳೆಯ ಹಾಫ್‌ಬ್ಯಾಕ್ | 17 ಆಗಸ್ಟ್, ರಾತ್ರಿ

ಮೇಡಂ, ತಪ್ಪಾಯಿತು. ಹತ್ತು ಕೊಟ್ಟು ಬೈಸಿಕೊಂಡದ್ದು ಇದೇ ಮೊದಲು.

ಹುಬ್ಬಳ್ಳಿಯವರೇ, ಮನ್‌ದೀಪ್‌ಗೆ ಆರೂವರೆ ಮಾಡುತ್ತೇನೆ. ಅದಕ್ಕಿಂತ ಹೆಚ್ಚು ಚೌಕಾಶಿ ಮಾಡಬೇಡಿ. ನೀವು ಹೇಳಿದ ಅಡ್ಡ ನಿಲ್ಲುವ ಕೆಲಸ ನಿಜ. ಆದರೆ ಹನ್ನೊಂದು ವರ್ಷಗಳಿಂದ ಭಾರತಕ್ಕೆ ಆಡುತ್ತಿರುವ ಫಾರ್ವರ್ಡ್ ಗೋಲಿನ ಬಾಯಲ್ಲಿ ನಿಂತು ಚೆಂಡನ್ನು ಒಳಗೆ ತಳ್ಳಬೇಕು ಎಂದು ಕೇಳುವುದು ದುರಾಸೆಯಲ್ಲ.

ಉಳಿದವರು.

ವಿವೇಕ್ ಸಾಗರ್: ಏಳೂವರೆ. ಇಟಾರ್ಸಿಯ ಈ ಹುಡುಗ ಗಲಾಟೆ ಇಲ್ಲದೆ ಆಡುತ್ತಾನೆ, ಅದೇ ಗುಣ, ಅದೇ ದೋಷ.

ರಾಜ್‌ಕುಮಾರ್ ಪಾಲ್: ಮೊದಲ ಒಲಿಂಪಿಕ್ಸ್. ಬ್ರಿಟನ್ ವಿರುದ್ಧ ಶೂಟೌಟ್‌ನ ನಾಲ್ಕನೆಯ, ನಿರ್ಣಾಯಕ ಹೊಡೆತ ಅವರದು. ಗಾಜಿಪುರ ಜಿಲ್ಲೆಯ ಕರಮ್‌ಪುರ ಎಂಬ ಹಳ್ಳಿಯ ಮೈದಾನದಲ್ಲಿ ಆಡಿ ಬಂದವರು. ಆ ಹೊಡೆತಕ್ಕೆ ಹೋಗುವಾಗಿನ ಮುಖ ನೋಡಿ, ಹಾಲು ತರಲು ಹೊರಟವರ ಹಾಗಿತ್ತು. ಏಳೂವರೆ.

ಮನ್‌ಪ್ರೀತ್ ಸಿಂಗ್: ನಾಲ್ಕನೇ ಒಲಿಂಪಿಕ್ಸ್. ಟೋಕಿಯೊದಲ್ಲಿ ನಾಯಕ, ಇಲ್ಲಿ ಹೇಳಿದ ಜಾಗದಲ್ಲಿ ಆಡುವ ಸೈನಿಕ. ಬ್ರಿಟನ್ ವಿರುದ್ಧ ಅಮಿತ್ ರೋಹಿದಾಸ್ ಕೆಂಪು ಕಾರ್ಡ್ ಪಡೆದು ಹೊರಹೋದಾಗ ಮಧ್ಯಪಡೆ ಬಿಟ್ಟು ರಕ್ಷಣೆಗೆ ಇಳಿದರು. ಮಾಜಿ ನಾಯಕರು ಹೀಗೆ ಮರುಮಾತಿಲ್ಲದೆ ಹಿಂದಕ್ಕೆ ಸರಿಯುವುದು ನಮ್ಮ ದೇಶದ ಯಾವ ಆಟದಲ್ಲಿಯೂ ಸುಲಭವಾಗಿ ಕಾಣದು. ಎಂಟು.

ಸುಮಿತ್, ಜರ್ಮನ್‌ಪ್ರೀತ್, ಸಂಜಯ್: ಸುಮಿತ್ ಟೋಕಿಯೊದಲ್ಲಿ ಮಧ್ಯಪಡೆಯವರು, ಇಲ್ಲಿ ಡಿಫೆಂಡರ್. ಜಾಗ ಬದಲಾದದ್ದು ಗೊತ್ತೇ ಆಗದಂತೆ ಆಡಿದರು. ಎಂಟು. ಇನ್ನಿಬ್ಬರಿಗೆ ಏಳು, ಏಳು.

ಸುಖ್‌ಜೀತ್: ಜರ್ಮನಿ ವಿರುದ್ಧ ಹರ್ಮನ್‌ಪ್ರೀತ್ ಹೊಡೆತಕ್ಕೆ ಸ್ಟಿಕ್ ತಾಗಿಸಿ ದಿಕ್ಕು ಬದಲಿಸಿದ ಗೋಲು ಕೂಟದ ಜಾಣ ಗೋಲು. ಏಳು.

ಶಂಶೇರ್: ಆರು. ಜರ್ಮನಿ ವಿರುದ್ಧದ ಸೆಮಿಫೈನಲ್‌ನ ಕೊನೆಯ ನಿಮಿಷದಲ್ಲಿ ಅವರ ಕೈತಪ್ಪಿದ ಗೋಲಿನ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ.

ಅಮಿತ್ ರೋಹಿದಾಸ್: ಇವರಿಗೆ ಅಂಕ ಹೇಗೆ ಕೊಡುವುದೋ ತಿಳಿಯುತ್ತಿಲ್ಲ. ನೀವೇ ಹೇಳಿ.

ರೈನ್ ದಂಡೆಯ ರಾಗಿಮುದ್ದೆ | 18 ಆಗಸ್ಟ್

ರೋಹಿದಾಸ್ ಅವರಿಗೆ ಅಂಕ ಕೊಡುವ ಕೆಲಸ ನನಗೆ ಬಿಡಿ. ನಾನು ಜರ್ಮನಿ ವಿರುದ್ಧದ ಸೆಮಿಫೈನಲ್ ನೋಡಲು ಪ್ಯಾರಿಸ್‌ಗೆ ಹೋಗಿದ್ದೆ. ಕೊಲಂಬ್ ಎಂಬಲ್ಲಿರುವ ಈವ್ ದು ಮನ್ವಾ ಕ್ರೀಡಾಂಗಣ 1924ರ ಒಲಿಂಪಿಕ್ಸ್‌ನ ಮುಖ್ಯ ಅಂಗಳವಾಗಿತ್ತು, ನೂರು ವರ್ಷದ ನಂತರ ಅಲ್ಲಿ ನೀಲಿ ಟರ್ಫ್ (ಕೃತಕ ಹುಲ್ಲಿನ ಅಂಗಳ). ಸುತ್ತಲೂ ಪಂಜಾಬಿ ಡೋಲು. ನನ್ನ ಪಕ್ಕದಲ್ಲಿ ಮಾತ್ರ ನನ್ನ ಜರ್ಮನ್ ಸಹೋದ್ಯೋಗಿ, ಪಾಪ, ಒಬ್ಬನೇ.

ಟಿ.ವಿ.ಯಲ್ಲಿ ಕಾರ್ನರ್ ಎಂದರೆ ಹೊಡೆಯುವವರನ್ನೇ ತೋರಿಸುತ್ತಾರೆ. ಅಂಗಳದಲ್ಲಿ ಕುಳಿತಾಗ ಕಣ್ಣು ತಾನಾಗಿಯೇ ಗೋಲಿನ ಒಳಗಿನಿಂದ ಓಡಿ ಬರುವವನ ಮೇಲೆ ಹೋಗುತ್ತದೆ. ಕೀಪರ್ ಸೇರಿ ಐದೇ ಜನ ಗೋಲ್ ಗೆರೆಯ ಹಿಂದೆ ನಿಲ್ಲಬೇಕು. ಚೆಂಡು ಹೊರಟ ಕೂಡಲೇ ಅವರಲ್ಲಿ ಒಬ್ಬ, ಮುಖಕ್ಕೆ ಮಾಸ್ಕ್, ಮೊಣಕಾಲಿಗೆ ಗಾರ್ಡ್ ಕಟ್ಟಿಕೊಂಡು, ಗಂಟೆಗೆ ನೂರು ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಬರುವ ಚೆಂಡಿನ ದಾರಿಗೆ ಎದುರಾಗಿ ಓಡಬೇಕು. ಅವನೇ ಮೊದಲ ರಷರ್. ಭಾರತಕ್ಕೆ ಆ ಕೆಲಸ ಮಾಡುತ್ತಿದ್ದದ್ದು ರೋಹಿದಾಸ್. ಜಗತ್ತಿನಲ್ಲಿ ಅವರಿಗಿಂತ ಚೆನ್ನಾಗಿ ಅದನ್ನು ಮಾಡುವವರು ಬೆರಳೆಣಿಕೆಯಷ್ಟು ಜನ.

ಸೆಮಿಫೈನಲ್‌ನಲ್ಲಿ ಅವರು ಅಮಾನತಿನಲ್ಲಿದ್ದರು. ಏಳನೇ ನಿಮಿಷದಲ್ಲಿ ಹರ್ಮನ್‌ಪ್ರೀತ್ ಹೊಡೆದರು, ಡೋಲು ಆಕಾಶ ಮುಟ್ಟಿತು. ಹದಿನೆಂಟನೇ ನಿಮಿಷ, ಜರ್ಮನಿಗೆ ಕಾರ್ನರ್. ಹೊಡೆಯಲು ನಿಂತದ್ದು ಗೊನ್ಸಾಲೊ ಪೆಯಾಟ್. ಈ ಮನುಷ್ಯ 2016ರಲ್ಲಿ ಅರ್ಜೆಂಟೀನಾಕ್ಕೆ ಚಿನ್ನ ಗೆದ್ದುಕೊಟ್ಟು, ಆಮೇಲೆ ಜರ್ಮನಿಯವರಾದವರು. ನಮ್ಮ ಮ್ಯಾನ್‌ಹೈಮ್ ಕ್ಲಬ್ಬಿಗೆ ಆಡುತ್ತಾರೆ, ಹಾಗಾಗಿ ಅವರ ಫ್ಲಿಕ್ ನನಗೆ ಅಂಗೈ ಗೆರೆಯಷ್ಟು ಪರಿಚಿತ. ಅಂಥವರಿಗೆ ಅರ್ಧ ಸೆಕೆಂಡು ಹೆಚ್ಚು ಸಿಕ್ಕಿದರೆ ಮುಗಿಯಿತು. ಸಿಕ್ಕಿತು. 1–1. ಕೊನೆಗೆ 2–3 ಸೋತೆವು. ರೋಹಿದಾಸ್ ಇದ್ದಿದ್ದರೆ ತಡೆಯುತ್ತಿದ್ದರು ಎಂದು ಆಣೆ ಮಾಡಲಾರೆ. ಪೆಯಾಟ್ ಮೊದಲು ಅವರ ಮುಖ ನೋಡಬೇಕಾಗುತ್ತಿತ್ತು, ಆಮೇಲೆ ಗೋಲು ನೋಡಬೇಕಾಗುತ್ತಿತ್ತು, ಅಷ್ಟು ಖಂಡಿತ.

ಬ್ರಿಟನ್ ವಿರುದ್ಧ ಹದಿನೇಳನೇ ನಿಮಿಷದ ಆ ಕೆಂಪು ಕಾರ್ಡ್ ಬಗ್ಗೆ: ವಿಲ್ ಕ್ಯಾಲ್ನನ್ ಮುಖಕ್ಕೆ ಸ್ಟಿಕ್ ತಾಗಿದ್ದು ನಿಜ, ಬೇಕೆಂದೇ ಬೀಸಿದ್ದು ಎಂದು ನನಗೆ ಅನಿಸಲಿಲ್ಲ. ಹಳದಿ ಸಾಕಿತ್ತು. ಆದರೆ ಆಡದ ಪಂದ್ಯದಿಂದಲೇ ತನ್ನ ಬೆಲೆ ತೋರಿಸಿಕೊಟ್ಟ ಆಟಗಾರ ಈ ತಂಡದಲ್ಲಿ ಇವರೊಬ್ಬರೇ. ನನ್ನ ಅಂಕ ಎಂಟೂವರೆ.

ನನ್ನ ಸಹೋದ್ಯೋಗಿ ಪಂದ್ಯ ಮುಗಿದ ಮೇಲೆ ಬಿಯರ್ ಕೊಡಿಸಿದ. ಕುಡಿದೆ, ರುಚಿಸಲಿಲ್ಲ.

ಪೊನ್ನಂಪೇಟೆ ಪುಶ್ | 18 ಆಗಸ್ಟ್

ಎಲ್ಲರೂ ಅಂಕ ಕೊಡುತ್ತಿದ್ದೀರಿ, ಒಳ್ಳೆಯದು. ತಂಡದಲ್ಲಿ ಇಲ್ಲದವರಿಗೆ ಅಂಕ ಕೊಡುವವರು ಯಾರು?

2016ರ ರಿಯೊ ತಂಡದಲ್ಲಿ ಕೊಡಗಿನವರೇ ನಾಲ್ವರಿದ್ದರು: ರಘುನಾಥ್, ಸುನಿಲ್, ಎಸ್.ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ. ಟೋಕಿಯೊದಲ್ಲಿ ಸೊನ್ನೆ, ಪ್ಯಾರಿಸ್‌ನಲ್ಲಿ ಸೊನ್ನೆ. ಕೊಡಗು ಬಿಡಿ, ಇಡೀ ಕರ್ನಾಟಕದಿಂದಲೇ ಇಲ್ಲ. ರಾಷ್ಟ್ರೀಯ ಶಿಬಿರ ನಡೆಯುವುದು ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ. ಪಂಜಾಬಿನವರು, ಒಡಿಶಾದವರು, ಮಣಿಪುರದವರು ಬಂದು ನಮ್ಮ ನೀರು ಕುಡಿದು ಪದಕ ಗೆದ್ದು ಹೋಗುತ್ತಾರೆ, ನಾವು ಗೇಟಿನ ಹೊರಗೆ ನಿಂತು ಚಪ್ಪಾಳೆ ತಟ್ಟುತ್ತೇವೆ. ಈ ವರ್ಷ ನಾಪೋಕ್ಲುವಿನಲ್ಲಿ ನಡೆದ ನಮ್ಮ ಕೊಡವ ಕುಟುಂಬಗಳ ಹಾಕಿ ಹಬ್ಬ, ಕುಂಡ್ಯೋಳಂಡ ಕಪ್‌ನಲ್ಲಿ 360 ಕುಟುಂಬಗಳ ತಂಡ ನೋಂದಾಯಿಸಿ ಗಿನ್ನೆಸ್ ದಾಖಲೆ ಆಯಿತು. 360 ತಂಡ ಇರುವ ಜಿಲ್ಲೆಯಿಂದ ಭಾರತಕ್ಕೆ ಒಬ್ಬನೂ ಇಲ್ಲವೇ?

ಲಾಂಗ್ ಕಾರ್ನರ್, ಹುಬ್ಬಳ್ಳಿ | 18 ಆಗಸ್ಟ್

ತಮ್ಮಾ, ಸಿಟ್ಟು ಸರಿ. ಆದರೆ ಸಿಟ್ಟನ್ನು ಆಯ್ಕೆಗಾರರ ಮೇಲೆ ಮಾತ್ರ ಹಾಕಬೇಡ. ಕುಟುಂಬ ಹಬ್ಬ ಹುಲ್ಲಿನ ಮೇಲೆ, ವರ್ಷಕ್ಕೆ ಒಂದು ತಿಂಗಳು ನಡೆಯುತ್ತದೆ. ಅಲ್ಲಿ ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಆಡುತ್ತಾರೆ. ಅದರ ಸೊಬಗೇ ಬೇರೆ, ಅದನ್ನು ಶಿಬಿರದ ತಕ್ಕಡಿಗೆ ಹಾಕುವುದು ತಪ್ಪು. ಒಡಿಶಾ ನೋಡು. 2018ರಿಂದ ರಾಷ್ಟ್ರೀಯ ತಂಡದ ಪ್ರಾಯೋಜಕತ್ವ ಹೊತ್ತಿದೆ, ಸುಂದರ್‌ಗಢ ಜಿಲ್ಲೆಯ ಹಳ್ಳಿಗಳವರೆಗೆ ಟರ್ಫ್ ಒಯ್ದಿದೆ. ರೋಹಿದಾಸ್ ಆ ಜಿಲ್ಲೆಯವರು, ಮಾಜಿ ನಾಯಕ ದಿಲೀಪ್ ಟಿರ್ಕಿ ಅವರ ಊರಿನವರೇ. ಹನ್ನೆರಡನೇ ವಯಸ್ಸಿಗೆ ಟರ್ಫ್ ಮೇಲೆ ಕಾಲಿಟ್ಟ ಹುಡುಗನಿಗೂ ಇಪ್ಪತ್ತಕ್ಕೆ ಕಾಲಿಟ್ಟವನಿಗೂ ಚೆಂಡನ್ನು ಸ್ಟಿಕ್ಕಿನಿಂದ ತಡೆದು ನಿಲ್ಲಿಸುವ ಟ್ರ್ಯಾಪಿಂಗ್‌ನಲ್ಲೇ ವ್ಯತ್ಯಾಸ ಕಾಣುತ್ತದೆ. ಚೆಂಡು ಹುಲ್ಲಿನ ಮೇಲೆ ನೆಗೆಯುವುದಕ್ಕೆ ಒಗ್ಗಿದ ಕೈ ಟರ್ಫ್ ಮೇಲೆ ಯಾವಾಗಲೂ ಒಂದು ಕೂದಲಿನಷ್ಟು ಮೇಲಿರುತ್ತದೆ.

ಹಳೆಯ ಹಾಫ್‌ಬ್ಯಾಕ್ | 18 ಆಗಸ್ಟ್

ಪೊನ್ನಂಪೇಟೆಯವರ ಹೊಟ್ಟೆಯುರಿಗೆ ಸ್ವಲ್ಪ ತುಪ್ಪ ಸುರಿಯುತ್ತೇನೆ, ತಪ್ಪು ತಿಳಿಯಬೇಡಿ. ಪ್ಯಾರಿಸ್‌ನಲ್ಲಿ ಆಸ್ಟ್ರೇಲಿಯಾವನ್ನು 3–2 ಸೋಲಿಸಿದೆವಲ್ಲ, ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಮೊದಲು ಅವರನ್ನು ಸೋಲಿಸಿದ್ದು 1972ರ ಮ್ಯೂನಿಕ್‌ನಲ್ಲಿ. ನಾವು ಒಲಿಂಪಿಕ್ಸ್‌ನಲ್ಲಿ ಸತತ ಎರಡು ಪದಕ ಗೆದ್ದದ್ದೂ ಈ ಸಲಕ್ಕೆ ಮೊದಲು 1968, 1972ರಲ್ಲಿ. ಆ ಮ್ಯೂನಿಕ್ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಇದ್ದರು, ಎಂ.ಪಿ. ಗಣೇಶ್ ಇದ್ದರು. 52 ವರ್ಷಗಳ ಹಿಂದಿನ ಎರಡೂ ದಾಖಲೆಯನ್ನು ಮುಟ್ಟುವ ಹೊತ್ತಿಗೆ ಆ ದಾಖಲೆ ಬರೆದ ಮಣ್ಣಿನವರು ಪಟ್ಟಿಯಲ್ಲಿಲ್ಲ. ನನಗೂ ಚುಚ್ಚುತ್ತದೆ.

ನಮ್ಮ ಕಾಲದಲ್ಲಿ ಬೆಂಗಳೂರಿನ ಅಕ್ಕಿತಿಮ್ಮನಹಳ್ಳಿ ಮೈದಾನದಲ್ಲಿ ಬ್ಯಾಂಕುಗಳು, ರೈಲ್ವೆ, ಐ.ಟಿ.ಐ., ಎಚ್.ಎ.ಎಲ್. ಕಾರ್ಖಾನೆಗಳ ತಂಡಗಳ ಲೀಗ್ ನಡೆಯುತ್ತಿತ್ತು. ಹಾಕಿ ಆಡಿದರೆ ಕೆಲಸ ಸಿಗುತ್ತಿತ್ತು, ಕೆಲಸ ಸಿಗುತ್ತದೆ ಎಂದು ಅಪ್ಪ ಸ್ಟಿಕ್ ಕೊಡಿಸುತ್ತಿದ್ದರು. ನನಗೂ ಒಂದು ಬ್ಯಾಂಕಿನಲ್ಲಿ ಹಾಗೆಯೇ ಕೆಲಸ ಸಿಕ್ಕಿತು. ಆ ನೇಮಕಾತಿ ಬತ್ತಿತು, ಲೀಗ್ ಬಡವಾಯಿತು. ಇದು ಬೇರೆಯೇ ಚರ್ಚೆ, ಇಲ್ಲಿ ಬೇಡ. ಈ ರಾಗ ಹಿಡಿದರೆ ನಿಲ್ಲಿಸಲಾರೆ.

ಎರಡನೇ ಕಂಬ | 19 ಆಗಸ್ಟ್

ಮೂಲ ಪ್ರಶ್ನೆಗೆ ಬರೋಣ. ಫೀಲ್ಡ್ ಗೋಲು ಮೂರೇ ಎಂಬುದು ದೋಷವೇ, ಅಲ್ಲವೇ?

ಗೋಲಿನ ಒಳಗಿನಿಂದ ನೋಡುವವಳಾಗಿ ಹೇಳುತ್ತೇನೆ. ಕಾರ್ನರ್‌ನಲ್ಲಿ ನನಗೆ ಹೊಡೆಯುವವರ ಭುಜ, ಮುಂಗಾಲು, ಚೆಂಡು ನಿಲ್ಲಿಸಿದ ಜಾಗ ಎಲ್ಲ ಕಾಣುತ್ತದೆ. ವಿಡಿಯೊ ನೋಡಿ ಕಲಿಯಬಹುದು. ಹರ್ಮನ್‌ಪ್ರೀತ್ ಎಷ್ಟೇ ದೊಡ್ಡವರಾಗಿರಲಿ, ಅವರನ್ನು ಓದಬಹುದು. ಬೆಲ್ಜಿಯಂ ಓದಿತು, ಆ ಪಂದ್ಯದಲ್ಲಿ ಅವರ ಒಂದೂ ಗೋಲಿಲ್ಲ, ನಾವು 1–2 ಸೋತೆವು. ಆದರೆ ತಿರುಗುತ್ತಲೇ ಹೊಡೆಯುವ ಅಭಿಷೇಕ್ ಅವರನ್ನು ಓದಲಾಗುವುದಿಲ್ಲ, ಯಾಕೆಂದರೆ ಏನು ಮಾಡುತ್ತೇನೆಂದು ಅವರಿಗೇ ಕೊನೆಯ ಕ್ಷಣದವರೆಗೆ ಗೊತ್ತಿರುವುದಿಲ್ಲ. ಅದೇ ಪಂದ್ಯದಲ್ಲಿ ಗೋಲು ಬಂದದ್ದು ಅವರಿಂದ. ಹಾಗಾಗಿ ಹುಬ್ಬಳ್ಳಿಯವರು ಹೇಳುವ ಬಾಗಿಲು ಹಾಕುವ ಪಾಠ ಕಂಚಿನವರೆಗೆ ಸಾಕು. ಅದರ ಮೇಲೆ ಹೋಗಬೇಕಾದರೆ ಹರ್ಮನ್‌ಪ್ರೀತ್ ಕೈ ಕಟ್ಟಿದ ದಿನ ಗೋಲು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಉತ್ತರ ಬೇಕು.

ಲಾಂಗ್ ಕಾರ್ನರ್, ಹುಬ್ಬಳ್ಳಿ | 19 ಆಗಸ್ಟ್

ಒಪ್ಪಿದೆ ಅಕ್ಕಾ. ಇಷ್ಟು ಮಾತ್ರ ಸೇರಿಸುತ್ತೇನೆ: ಉತ್ತರ ಫಾರ್ವರ್ಡ್‌ಗಳಿಂದಲೇ ಬರಬೇಕೆಂದೇನೂ ಇಲ್ಲ.

ಪೊನ್ನಂಪೇಟೆ ಪುಶ್ | 28 ಆಗಸ್ಟ್

ಏಷ್ಯನ್ ಚಾಂಪಿಯನ್ಸ್ ಟ್ರೋಫಿಗೆ ತಂಡ ಪ್ರಕಟವಾಗಿದೆ. ಹಾರ್ದಿಕ್‌ಗೆ ವಿಶ್ರಾಂತಿ, ವಿವೇಕ್ ಸಾಗರ್ ಉಪನಾಯಕ, ಗೋಲಿನಲ್ಲಿ ಪಾಠಕ್ ಮತ್ತು ಸೂರಜ್ ಕರ್ಕೇರ. ಮಧ್ಯಪಡೆಯಲ್ಲಿ ಮೊಹಮ್ಮದ್ ರಾಹೀಲ್ ಇದ್ದಾರೆ, ನಮ್ಮ ಕರ್ನಾಟಕದ ಹುಡುಗ! ಕೊಡಗಿನವರಲ್ಲ, ಪರವಾಗಿಲ್ಲ. ಇವತ್ತು ನಮ್ಮ ಮನೆಯಲ್ಲಿ ಪಾಯಸ.

ಹಳೆಯ ಹಾಫ್‌ಬ್ಯಾಕ್ | 28 ಆಗಸ್ಟ್

ಪಾಯಸ ಸರಿ, ಪಾಂಡಿ ಕರಿ ಎಲ್ಲಿ?

ಹಾರ್ದಿಕ್ ಇಲ್ಲದ ತಂಡವನ್ನು ನೋಡಲು ಕಾಯುತ್ತಿದ್ದೇನೆ. ನನ್ನ ಒಂಬತ್ತೂವರೆ ಸರಿಯೋ ತಪ್ಪೋ ಅಲ್ಲಿ ತಿಳಿಯುತ್ತದೆ.

ಎರಡನೇ ಕಂಬ | 12 ಸೆಪ್ಟೆಂಬರ್

ಮಲೇಷ್ಯಾ ವಿರುದ್ಧ 8–1. ಹಾಲು ತರಲು ಹೊರಟವರು ಮೂರು ಗೋಲು ಹೊಡೆದಿದ್ದಾರೆ. ರಾಜ್‌ಕುಮಾರ್ ಪಾಲ್‌ಗೆ ನೀವು ಕೊಟ್ಟ ಏಳೂವರೆ ಈಗ ಕಡಿಮೆಯಾಗಿ ಕಾಣುತ್ತಿದೆ ಸರ್.

ರೈನ್ ದಂಡೆಯ ರಾಗಿಮುದ್ದೆ | 17 ಸೆಪ್ಟೆಂಬರ್

ಕಚೇರಿಯಲ್ಲಿ ಮೀಟಿಂಗ್ ನಡುವೆ ಮೊಬೈಲ್‌ನಲ್ಲಿ ಫೈನಲ್ ನೋಡಿದೆ. ಮೂರು ಕ್ವಾರ್ಟರ್ ಮುಗಿದರೂ ಆತಿಥೇಯ ಚೀನಾ ವಿರುದ್ಧ 0–0. ಚೀನಾ ಇಷ್ಟು ಚೆನ್ನಾಗಿ ಆಡುತ್ತದೆಂದು ಯಾರು ತಾನೇ ಎಣಿಸಿದ್ದರು? ಕಾರ್ನರ್‌ಗಳು ಸಿಕ್ಕವು, ಒಂದೂ ಒಳಗೆ ಹೋಗಲಿಲ್ಲ. ಮೇಡಂ ಹೇಳಿದ ‘ಕೈ ಕಟ್ಟಿದ ದಿನ’ ಇದೇ ಎಂದುಕೊಂಡೆ. 51ನೇ ನಿಮಿಷದಲ್ಲಿ ಏನಾಯಿತೆಂದು ಹಾಫ್‌ಬ್ಯಾಕ್ ಸರ್ ಬರೆಯಲಿ. ಅವರ ಬಾಯಿಂದಲೇ ಕೇಳಬೇಕು.

ಹಳೆಯ ಹಾಫ್‌ಬ್ಯಾಕ್ | 17 ಸೆಪ್ಟೆಂಬರ್, ರಾತ್ರಿ

ಬರೆಯುತ್ತೇನೆ, ಬರೆಯದೆ ವಿಧಿಯಿಲ್ಲ.

ಕಾರ್ನರ್ ಅಲ್ಲ, ಸ್ಟ್ರೋಕ್ ಅಲ್ಲ. ಆಟದ ನಡುವೆ ಒಬ್ಬ ಡಿಫೆಂಡರ್ ತನ್ನ ಜಾಗ ಬಿಟ್ಟು ಸರ್ಕಲ್ ಒಳಗೆ ಚೆಂಡು ನಡೆಸಿಕೊಂಡು ಹೋದ. ಎದುರಾಳಿಗಳೆಲ್ಲ ಅವನೇ ಹೊಡೆಯುತ್ತಾನೆಂದು ಅವನ ಮೇಲೆ ಬಿದ್ದರು. ಅವನು ಹೊಡೆಯಲಿಲ್ಲ, ಪಕ್ಕದಲ್ಲಿದ್ದ ಇನ್ನೊಬ್ಬ ಡಿಫೆಂಡರ್‌ಗೆ ತಳ್ಳಿದ. ಜುಗ್‌ರಾಜ್ ಸಿಂಗ್ ಹೊಡೆದರು, 1–0, ಟ್ರೋಫಿ ನಮ್ಮದು. ಜುಗ್‌ರಾಜ್ ಪ್ಯಾರಿಸ್‌ನಲ್ಲಿ ಮೀಸಲು ಪಟ್ಟಿಯಲ್ಲಿ ಕುಳಿತು ಬಂದವರು. ಅವರೂ ಕಾರ್ನರ್ ಹೊಡೆಯುವವರೇ.

ಚೆಂಡು ನಡೆಸಿಕೊಂಡು ಹೋದವರ ಹೆಸರು ಹರ್ಮನ್‌ಪ್ರೀತ್ ಸಿಂಗ್. ಗೋಲಿನ ಪಟ್ಟಿಯಲ್ಲಿ ಈ ಸಲ ಅವರ ಹೆಸರಿಲ್ಲ, ಹಾರ್ದಿಕ್‌ಗೆ ಆಗುತ್ತಿದ್ದ ಅನ್ಯಾಯ ಅವರಿಗೂ ಒಂದು ದಿನ ಆಯಿತು. ಆ ಅರ್ಧ ಹೆಜ್ಜೆಯ ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಅದು ಈಗಲೂ ನಿಜ. ಆದರೆ ಒಂಬತ್ತನ್ನು ತಿದ್ದಿ ಒಂಬತ್ತೂವರೆ ಮಾಡಿದ್ದೇನೆ.

ಲಾಂಗ್ ಕಾರ್ನರ್, ಹುಬ್ಬಳ್ಳಿ | 18 ಸೆಪ್ಟೆಂಬರ್

ಮನ್‌ದೀಪ್‌ಗೂ ಅರ್ಧ ಸೇರಿಸಿ ಸರ್.

ಹಳೆಯ ಹಾಫ್‌ಬ್ಯಾಕ್ | 18 ಸೆಪ್ಟೆಂಬರ್

ಅವರು ಚೀನಾಕ್ಕೆ ಹೋಗಿಯೇ ಇರಲಿಲ್ಲವಲ್ಲಯ್ಯಾ!